ಇನ್ಯೋ ಕೌಂಟಿಯಲ್ಲಿ ನಾಲ್ಕು ದಿನ

ಮೊದಲ ದಿನ, ಗುರುವಾರ

ಅಕ್ಟೋಬರ್ ತಿಂಗಳ ಒಂದು ನಸುಕಿನಲ್ಲಿ ಕ್ಯಾಲಿಫೋರ್ನಿಯಾದ ಸನಿವೇಲ್‌ನ ಮನೆಯಿಂದ ಹೊರಟ ನಾವು ಮೂವರು, ಅಪ್ಪ, ನನ್ನ ಹೆಂಡತಿ ಮತ್ತು ನಾನು, ಯೊಸೆಮಿಟಿಯ ಕಾಡನ್ನು ಹಾದು 3,031 ಮೀಟರ್ ಎತ್ತರದ ಟಿಯೋಗಾ ಘಟ್ಟವನ್ನು ಹತ್ತಿ ಇಳಿಯುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ಘಟ್ಟದ ಈಚೆಗೆ ದಟ್ಟವಾದ ಮರಗಳು, ಆಚೆಗೆ ಇಳಿದೊಡನೆ ಬೂದು ಬಣ್ಣದ ಕುರುಚಲು. ಸಿಯೆರಾ ನೆವಾಡಾ ಪರ್ವತಸಾಲು ಸಮುದ್ರದ ಕಡೆಯಿಂದ ಬರುವ ಮೋಡಗಳನ್ನು ತಡೆದು ನಿಲ್ಲಿಸುವುದರಿಂದ ಅದರ ಪೂರ್ವದ ಮಗ್ಗುಲು ಮಳೆನೆರಳಿನಲ್ಲಿ ಬಿದ್ದಿದೆ. ಆಗುಂಬೆಯಿಂದ ಚಿತ್ರದುರ್ಗಕ್ಕೆ ಹೋಗುವವರು ನಾಲ್ಕೈದು ಗಂಟೆಗಳಲ್ಲಿ ಕಾಣುವ ಬದಲಾವಣೆಯನ್ನು ಇಲ್ಲಿ ಅರ್ಧ ಗಂಟೆಯಲ್ಲಿ ಕಾಣಬಹುದು.

ಅದೇ ರಾಜ್ಯದ ಇನ್ಯೋ ಕೌಂಟಿ, ನಮ್ಮ ಲೆಕ್ಕದಲ್ಲಿ ಒಂದು ಜಿಲ್ಲೆ, 1866ರಲ್ಲಿ ರೂಪುಗೊಂಡಿತು. ಅದರ ವಿಸ್ತೀರ್ಣ 26,000 ಚದರ ಕಿಲೋಮೀಟರಿಗೂ ಹೆಚ್ಚು, ಎಂದರೆ ಕರ್ನಾಟಕದ ಅತಿ ದೊಡ್ಡ ಜಿಲ್ಲೆಯಾದ ಬೆಳಗಾವಿಯ ಸುಮಾರು ಎರಡರಷ್ಟು. ಆದರೆ 2020ರ ಜನಗಣತಿಯಂತೆ ಅಲ್ಲಿ ವಾಸಿಸುವವರು 19,016 ಮಂದಿ ಮಾತ್ರ. ನಮ್ಮ ಸಾಗರ ಪೇಟೆಯೊಂದರಲ್ಲೇ ಅದರ ಸುಮಾರು ಮೂರರಷ್ಟು ಜನರಿದ್ದಾರೆ. ಅಲಾಸ್ಕಾ ಮತ್ತು ಹವಾಯಿಗಳನ್ನು ಬಿಟ್ಟರೆ ಅಮೆರಿಕದಲ್ಲಿ ಅತ್ಯಂತ ಎತ್ತರವಾದ 4,421 ಮೀಟರಿನ ವಿಟ್ನಿ ಶಿಖರವೂ, ಉತ್ತರ ಅಮೆರಿಕದಲ್ಲೇ ಅತ್ಯಂತ ತಗ್ಗಾದ, ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿರುವ ಬ್ಯಾಡ್‌ವಾಟರ್ ಉಪ್ಪುಬಯಲೂ ಈ ಒಂದೇ ಕೌಂಟಿಯೊಳಗಿವೆ. ಪ್ರವಾಸಿಗರು ಸಾಮಾನ್ಯವಾಗಿ ಬರುವುದು ಇವೆರಡಕ್ಕಾಗಿ. ನಾವು ಬಂದದ್ದು ಇಲ್ಲಿಯ ರಕ್ಷಿತ ಐತಿಹಾಸಿಕ ಸ್ಥಳಗಳನ್ನು ನೋಡುವುದಕ್ಕಾಗಿ, ಅದೂ ಅಪ್ಪನ ಒತ್ತಾಯದಿಂದ.

ಅಪ್ಪ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರು, ಪ್ರತಿ ವರ್ಷ ಮಕ್ಕಳನ್ನು ಇಕ್ಕೇರಿಯ ಅಘೋರೇಶ್ವರ ದೇವಾಲಯಕ್ಕೆ ಕರೆದೊಯ್ದವರು. ಪುರಾತತ್ತ್ವ ಇಲಾಖೆಯ ನೀಲಿ ಫಲಕದ ಮುಂದೆ ಮಕ್ಕಳನ್ನು ನಿಲ್ಲಿಸಿ, ಸಂರಕ್ಷಿತ ಸ್ಮಾರಕವೆಂದರೆ ಏನೆಂದು ವಿವರಿಸುವುದು ಅವರ ಮೊದಲ ಪಾಠವಾಗಿತ್ತು. ಹಾಗಾಗಿ ದಾರಿಯುದ್ದಕ್ಕೂ ಅವರು ಕೇಳಿದ್ದು ಇಲ್ಲಿಯ ಕಾನೂನನ್ನೇ. ಅಮೆರಿಕದಲ್ಲಿ 1966ರ ಕಾಯಿದೆಯೊಂದರಿಂದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ನೋಂದಣಿ ಪಟ್ಟಿ ಆರಂಭವಾಯಿತೆಂದೂ, ಅದನ್ನು ರಾಷ್ಟ್ರೀಯ ಉದ್ಯಾನ ಸೇವೆ ನಿರ್ವಹಿಸುತ್ತದೆಯೆಂದೂ, ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಖಾಸಗಿ ಮಾಲೀಕ ತನ್ನ ಸ್ವಂತ ಹಣದಿಂದ ಕಟ್ಟಡವನ್ನು ಬದಲಾಯಿಸುವುದನ್ನು ಅದು ತಡೆಯುವುದಿಲ್ಲವೆಂದೂ, ಕೇಂದ್ರ ಸರ್ಕಾರದ ಹಣವೋ ಅನುಮತಿಯೋ ಬೇಕಾದ ಕಾಮಗಾರಿಯಿದ್ದಾಗ ಮಾತ್ರ ಸ್ಮಾರಕಕ್ಕೆ ಆಗುವ ಹಾನಿಯನ್ನು ಪರಿಶೀಲಿಸಲೇಬೇಕೆಂದೂ ನಾನು ಓದಿಕೊಂಡಷ್ಟನ್ನು ಹೇಳಿದೆ. ನಮ್ಮಲ್ಲಿ ಕೇಂದ್ರದ ರಕ್ಷಣೆಯಿರುವ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದ ಅಪ್ಪ, "ಹಾಗಾದರೆ ಕಾಯುವವರು ಯಾರು ಮಾರಾಯ?" ಎಂದು ಕೇಳಿದರು. ಮುಂದಿನ ನಾಲ್ಕು ದಿನ ಅವರು ಆ ಪ್ರಶ್ನೆಯನ್ನು ಬಿಡಲಿಲ್ಲ.

ಬಿಷಪ್ ಪಟ್ಟಣದಿಂದ ಏಳೆಂಟು ಕಿಲೋಮೀಟರ್ ದೂರದ ಲಾಸ್ ಎಂಬಲ್ಲಿ ಹಳೆಯ ರೈಲು ನಿಲ್ದಾಣವೊಂದಿದೆ. ಕಾರ್ಸನ್ ಮತ್ತು ಕೊಲರಾಡೊ ರೈಲು ಕಂಪನಿ 1880ರ ದಶಕದ ಆರಂಭದಲ್ಲಿ ನೆವಾಡಾದ ಮೌಂಡ್ ಹೌಸ್‌ನಿಂದ ಓವೆನ್ಸ್ ಸರೋವರದ ದಡದ ಕೀಲರ್‌ವರೆಗೆ ಸುಮಾರು 480 ಕಿಲೋಮೀಟರ್ ಹಳಿ ಹಾಕಿತು. ಹೆಸರಿನಲ್ಲಿರುವ ಕೊಲರಾಡೊ ನದಿಯನ್ನು ಅದು ಮುಟ್ಟಲೇ ಇಲ್ಲ. ಹಳಿಗಳ ನಡುವಿನ ಅಂತರ ಕೇವಲ ಮೂರು ಅಡಿ. 1960ರ ಏಪ್ರಿಲ್‌ನಲ್ಲಿ ಕೊನೆಯ ರೈಲು ಓಡಿತು, 1981ರಲ್ಲಿ ನಿಲ್ದಾಣದ ಆವರಣ ರಾಷ್ಟ್ರೀಯ ಪಟ್ಟಿಗೆ ಸೇರಿತು. ಒಂಬತ್ತನೆಯ ಸಂಖ್ಯೆಯ ಉಗಿ ಎಂಜಿನ್ ನೀರಿನ ಟ್ಯಾಂಕಿನ ಸಮೀಪ ಹಾಗೆಯೇ ನಿಂತಿದೆ. ನಮ್ಮನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಎಂಜಿನನ್ನು ತಿರುಗಿಸುವ ಮರದ ಚಕ್ರವೇದಿಕೆ. ಎಂಜಿನನ್ನು ನಟ್ಟನಡುವೆ ಸಮತೋಲವಾಗಿ ನಿಲ್ಲಿಸಿದರೆ, ಯಾವ ಯಂತ್ರದ ಸಹಾಯವೂ ಇಲ್ಲದೆ ಮನುಷ್ಯರೇ ಕೈಯಿಂದ ತಳ್ಳಿ ಅದರ ಮುಖವನ್ನು ಹಿಂದಕ್ಕೆ ತಿರುಗಿಸಬಹುದಾಗಿತ್ತು. ಅಪ್ಪ ಅದರ ತೊಲೆಗೆ ಅಂಗೈ ಇಟ್ಟು, ತಾಳಗುಪ್ಪದ ಮೀಟರ್‌ಗೇಜ್ ಹಳಿ ಕಿತ್ತಾಗ ಒಂದು ಡಬ್ಬಿಯನ್ನಾದರೂ ಹೀಗೆ ಉಳಿಸಿಕೊಳ್ಳಬೇಕಿತ್ತು ಎಂದರು.

ಎರಡನೆಯ ದಿನ, ಶುಕ್ರವಾರ

ಬಿಷಪ್‌ನ ಉತ್ತರಕ್ಕೆ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ರೂಪುಗೊಂಡ ವಿಶಾಲವಾದ ಕಲ್ಲಿನ ಹಾಸಿದೆ. ಅದರ ಅಂಚಿನ ಬಂಡೆಗಳ ಮೇಲೆ ಓವೆನ್ಸ್ ನದಿಯ ಈ ಕಣಿವೆಯ ಮೂಲನಿವಾಸಿಗಳ ಪೂರ್ವಿಕರು ಸಾವಿರಾರು ವರ್ಷಗಳ ಹಿಂದೆ ವೃತ್ತಗಳನ್ನೂ ಪ್ರಾಣಿಗಳನ್ನೂ ಕೊರೆದಿದ್ದಾರೆ. ಪಟ್ಟಿಯಲ್ಲಿ ಇಂಥ ಸ್ಥಳಗಳ ಹೆಸರಿನ ಮುಂದೆ ವಿಳಾಸ ಇರುವುದಿಲ್ಲ. ಕಳ್ಳರಿಗೆ ದಾರಿ ತೋರಿಸಬಾರದೆಂದು ಅದನ್ನು ತಡೆಹಿಡಿಯಲಾಗುತ್ತದೆ. 2012ರಲ್ಲಿ ಹೀಗೆ ಪಟ್ಟಿಯಲ್ಲಿದ್ದ ಒಂದು ಜಾಗಕ್ಕೇ ಗರಗಸ ತಂದ ಕಳ್ಳರು ಬಂಡೆಯ ಮುಖಗಳನ್ನು ಕೊಯ್ದು ಒಯ್ದಿದ್ದರು. ಮರುವರ್ಷ ಆ ಚಪ್ಪಡಿಗಳು ಸಿಕ್ಕಿದವು. ಆದರೆ ಬಂಡೆಯಲ್ಲಾದ ಗಾಯವನ್ನು ಮುಚ್ಚುವ ವಿದ್ಯೆ ಯಾರಲ್ಲಿಯೂ ಇಲ್ಲ. ಮೂಲನಿವಾಸಿಗಳಿಗೆ ಅದು ಪೂಜೆಯ ಸ್ಥಳ ಎಂದು ತಿಳಿದ ಮೇಲೆ ನಾವು ಹುಡುಕಿಕೊಂಡು ಹೋಗುವುದು ಬೇಡವೆಂದು ನಿರ್ಧರಿಸಿದೆವು. ಆ ತೀರ್ಮಾನ ಸರಿಯಾಗಿತ್ತೆಂದೇ ಈಗಲೂ ನಂಬಿದ್ದೇನೆ.

ಮೂಲನಿವಾಸಿಗಳನ್ನು ಹೊರಗಿನವರು ಪಾಯೂಟ್ ಎಂದು ಕರೆಯುತ್ತಾರೆ, ಅವರು ತಮ್ಮನ್ನು ನೂಮು ಎನ್ನುತ್ತಾರೆ. ಕಣಿವೆಗೆ ಅವರಿಟ್ಟ ಹೆಸರು ಪಾಯಹೂನಾಡು, ನೀರು ಹರಿಯುವ ಜಾಗ. ಕೊನೆಯ ಎರಡಕ್ಷರ ನಮ್ಮ 'ನಾಡು' ಎಂದೇ ಕಿವಿಗೆ ಬೀಳುವುದು ಕಾಕತಾಳೀಯವಾದರೂ, ಅಪ್ಪ ಆ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡು ಎರಡು ಬಾರಿ ಗಟ್ಟಿಯಾಗಿ ಓದಿದರು. ಪರ್ವತದಿಂದ ಇಳಿಯುವ ಹಳ್ಳಗಳಿಗೆ ಕಟ್ಟೆ ಕಟ್ಟಿ, ಕಾಲುವೆ ತೆಗೆದು, ಗೆಡ್ಡೆಗಳು ಬೆಳೆಯುವ ಹುಲ್ಲುಗಾವಲುಗಳಿಗೆ ನೀರುಣಿಸುವುದನ್ನು ಬಿಳಿಯರು ಬರುವ ಮುನ್ನವೇ ಅವರು ಕಲಿತಿದ್ದರು. ದನಗಾಹಿಗಳು ಬಂದು ಆ ಹುಲ್ಲುಗಾವಲುಗಳನ್ನು ಮೇಯಿಸಿದಾಗ ಜಗಳ ಹತ್ತಿತು. 1862ರ ಜುಲೈ 4ರಂದು ಸೈನ್ಯ ಇಲ್ಲಿ ಶಿಬಿರ ಹೂಡಿತು. ಅದು ಸ್ವಾತಂತ್ರ್ಯ ದಿನವಾದ್ದರಿಂದ ಶಿಬಿರಕ್ಕೂ ಮುಂದೆ ಬೆಳೆದ ಊರಿಗೂ ಇಂಡಿಪೆಂಡೆನ್ಸ್ ಎಂಬ ಹೆಸರಾಯಿತು. ಮರುವರ್ಷದ ಜುಲೈಯಲ್ಲಿ ಆ ಶಿಬಿರದಿಂದಲೇ ಸುಮಾರು ಒಂಬೈನೂರಕ್ಕೂ ಹೆಚ್ಚು ನೂಮು ಜನರನ್ನು, ಹೆಂಗಸರು ಮಕ್ಕಳೆನ್ನದೆ, ಬಿರುಬಿಸಿಲಿನಲ್ಲಿ ಮುನ್ನೂರು ಕಿಲೋಮೀಟರಿನಷ್ಟು ದೂರದ ಟೆಹೋನ್ ಕೋಟೆಯ ಕಡೆಗೆ ನಡೆಸಿಕೊಂಡು ಹೋದರು. ದಾರಿಯಲ್ಲಿ ಸತ್ತವರಿದ್ದಾರೆ, ತಪ್ಪಿಸಿಕೊಂಡವರಿದ್ದಾರೆ, ಮುಂದಿನ ವರ್ಷಗಳಲ್ಲಿ ಮೆಲ್ಲನೆ ಹಿಂದಿರುಗಿ ಬಂದವರೂ ಇದ್ದಾರೆ. ಅವರ ಮರಿಮಕ್ಕಳು ಇಂದಿಗೂ ಈ ಕಣಿವೆಯಲ್ಲಿದ್ದಾರೆ.

ಇಂಡಿಪೆಂಡೆನ್ಸ್ ಕೌಂಟಿಯ ಆಡಳಿತ ಕೇಂದ್ರ. ಒಂದೇ ಮುಖ್ಯ ರಸ್ತೆಯ ಆ ಪುಟ್ಟ ಊರಿನಲ್ಲಿ 1921ರ ನ್ಯಾಯಾಲಯ ಕಟ್ಟಡ ಗ್ರೀಕ್ ದೇವಾಲಯದಂತೆ ಕಂಬಗಳನ್ನು ನಿಲ್ಲಿಸಿಕೊಂಡು ಎದ್ದು ಕಾಣುತ್ತದೆ. ಇದು ಇಲ್ಲಿಯ ನಾಲ್ಕನೆಯ ನ್ಯಾಯಾಲಯ: ಮೊದಲನೆಯದನ್ನು 1872ರ ಭೂಕಂಪ ಕೆಡವಿತು, ಎರಡನೆಯದು 1886ರ ಬೆಂಕಿಯಲ್ಲಿ ಹೋಯಿತು. 1998ರಲ್ಲಿ ಪಟ್ಟಿಗೆ ಸೇರಿದ ಈ ಕಟ್ಟಡದಲ್ಲಿ ಇಂದಿಗೂ ಕಲಾಪ ನಡೆಯುತ್ತದೆ. ಸ್ಮಾರಕವೊಂದು ತಾನು ಹುಟ್ಟಿದ ಕೆಲಸವನ್ನೇ ಮಾಡುತ್ತಿರುವುದಕ್ಕಿಂತ ಒಳ್ಳೆಯ ಸಂರಕ್ಷಣೆ ಇನ್ನಾವುದಿದೆ?

ಹತ್ತಿರದ ಈಸ್ಟರ್ನ್ ಕ್ಯಾಲಿಫೋರ್ನಿಯಾ ವಸ್ತುಸಂಗ್ರಹಾಲಯ 1928ರಲ್ಲಿ ಸ್ಥಾಪನೆಯಾದದ್ದು. ಅಲ್ಲಿ ಪಾಯೂಟ್ ಮತ್ತು ಶೊಶೋನಿ ಹೆಂಗಸರು ಹೆಣೆದ ಬುಟ್ಟಿಗಳ ದೊಡ್ಡ ಸಂಗ್ರಹವಿದೆ. ಧಾನ್ಯ ಕೇರುವ ಒಂದು ಬುಟ್ಟಿಯ ಮುಂದೆ ನನ್ನ ಹೆಂಡತಿ ಬಹಳ ಹೊತ್ತು ನಿಂತಳು. ನಮ್ಮ ಮೊರದ ಹಾಗೆ ಒಂದು ಕಡೆ ತೆರೆದ, ಹಿಂಭಾಗ ಸ್ವಲ್ಪ ಗುಳಿಬಿದ್ದ ಆಕಾರ, ಅಂಚಿನ ಉದ್ದಕ್ಕೂ ದಪ್ಪ ಕಡ್ಡಿಯ ಕಟ್ಟು, ನಡುವೆ ಕಡುಕಂದು ಎಳೆಗಳ ಎರಡು ಪಟ್ಟೆ. ಒಂದು ಮಗ್ಗುಲಲ್ಲಿ ಹೆಣಿಗೆ ಸವೆದು ನುಣುಪಾಗಿತ್ತು. ಹೆಬ್ಬೆರಳು ಕೂರುವ ಜಾಗ ಅದು ಎಂದು ಅವಳು ತಾನು ಮೊರ ಹಿಡಿಯುವ ರೀತಿಯಲ್ಲಿ ಕೈ ಮಾಡಿ ತೋರಿಸಿದ ಮೇಲೆಯೇ ನಮಗೆ ಹೊಳೆದದ್ದು.

ಮೂರನೆಯ ದಿನ, ಶನಿವಾರ

ಮ್ಯಾಂಜನಾರ್ ಇಂಡಿಪೆಂಡೆನ್ಸ್‌ನಿಂದ ದಕ್ಷಿಣಕ್ಕೆ ಸುಮಾರು ಹತ್ತು ಕಿಲೋಮೀಟರ್. ಒಂದು ಗಂಟೆಯಲ್ಲಿ ನೋಡಿ ಮುಗಿಸಬಹುದೆಂದು ಅಂದುಕೊಂಡು ಹೋದವರು ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಉಳಿದೆವು.

ಸ್ಪ್ಯಾನಿಷ್ ಭಾಷೆಯಲ್ಲಿ ಮ್ಯಾಂಜನಾರ್ ಎಂದರೆ ಸೇಬಿನ ತೋಟ. 1910ರ ಸುಮಾರಿಗೆ ಇಲ್ಲೊಂದು ಊರು ಎದ್ದು, ಸೇಬು ಮತ್ತು ಪಿಯರ್ ಹಣ್ಣಿನ ತೋಟಗಳಾದವು. ಅಷ್ಟರಲ್ಲಿ ಲಾಸ್ ಏಂಜಲಿಸ್ ನಗರದ ಕಣ್ಣು ಓವೆನ್ಸ್ ನದಿಯ ಮೇಲೆ ಬಿದ್ದಿತ್ತು. ವಿಲಿಯಂ ಮುಲ್‌ಹಾಲಂಡ್ ಎಂಬ ಎಂಜಿನಿಯರನ ಮೇಲ್ವಿಚಾರಣೆಯಲ್ಲಿ 375 ಕಿಲೋಮೀಟರ್ ಉದ್ದದ ಕಾಲುವೆ 1913ರಲ್ಲಿ ಪೂರ್ಣಗೊಂಡು, ಪಂಪುಗಳಿಲ್ಲದೆ ಬರೀ ಇಳಿಜಾರಿನ ಬಲದಿಂದ ನೀರು ನಗರಕ್ಕೆ ಹರಿಯಿತು. ಆಮೇಲೆ ನಗರ ಕಣಿವೆಯ ಜಮೀನುಗಳನ್ನೂ ನೀರಿನ ಹಕ್ಕುಗಳನ್ನೂ ಕೊಳ್ಳುತ್ತ ಬಂದಿತು. 1924ರ ನವೆಂಬರ್‌ನಲ್ಲಿ ರೈತರು ಲೋನ್ ಪೈನ್ ಎಂಬ ಊರಿನ ಬಳಿಯ ಕಾಲುವೆಯ ಗೇಟುಗಳನ್ನು ವಶಪಡಿಸಿಕೊಂಡು ನಾಲ್ಕು ದಿನ ನೀರನ್ನು ಹಳೆಯ ಪಾತ್ರಕ್ಕೇ ಬಿಟ್ಟರು. ಅದರಿಂದ ಏನೂ ಉಳಿಯಲಿಲ್ಲ; 1929ರ ಹೊತ್ತಿಗೆ ಮ್ಯಾಂಜನಾರ್ ಖಾಲಿಯಾಗಿತ್ತು.

ಹೀಗೆ ಬರಿದಾದ ಜಾಗವನ್ನೇ 1942ರಲ್ಲಿ ಸರ್ಕಾರ ಮತ್ತೊಂದು ಕೆಲಸಕ್ಕೆ ಆರಿಸಿಕೊಂಡಿತು. ಪರ್ಲ್ ಹಾರ್ಬರ್ ಮೇಲೆ ಜಪಾನ್ ಮಾಡಿದ ದಾಳಿಯ ನಂತರ, ಆ ವರ್ಷದ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಮಾಡಿದ 9066ನೆಯ ಆದೇಶದ ಬಲದಿಂದ, ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದ ಲಕ್ಷಕ್ಕೂ ಹೆಚ್ಚು ಜನರನ್ನು ಮನೆ, ಅಂಗಡಿ, ಹೊಲ ಬಿಡಿಸಿ ಹತ್ತು ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದ ನಾಗರಿಕರು. ಹತ್ತರಲ್ಲಿ ಮೊದಲು ಜನರನ್ನು ತುಂಬಿಸಿಕೊಂಡದ್ದು ಮ್ಯಾಂಜನಾರ್. ಸುಮಾರು ಒಂದು ಚದರ ಮೈಲಿಯ ಮುಳ್ಳುತಂತಿಯ ಬೇಲಿಯೊಳಗೆ ಮೂವತ್ತಾರು ವಸತಿ ಬ್ಲಾಕುಗಳು. 1942ರ ಸೆಪ್ಟೆಂಬರಿನಲ್ಲಿ ಅಲ್ಲಿದ್ದವರು 10,046 ಮಂದಿ. ಸುತ್ತ ಎಂಟು ಕಾವಲು ಗೋಪುರಗಳು. ಆ ಡಿಸೆಂಬರಿನಲ್ಲಿ ಗಲಭೆಯಾಗಿ ಸೈನಿಕರ ಗುಂಡಿಗೆ ಇಬ್ಬರು ಯುವಕರು ಬಲಿಯಾದರು. ಕೊನೆಯ ಕುಟುಂಬಗಳು ಹೊರಟದ್ದು 1945ರ ನವೆಂಬರಿನಲ್ಲಿ.

ಶಿಬಿರದಲ್ಲಿದ್ದವರೇ 1944ರಲ್ಲಿ ಕಟ್ಟಿದ ಸಭಾಂಗಣ ಈಗ ಮಾಹಿತಿ ಕೇಂದ್ರವಾಗಿದೆ. ಯುದ್ಧದ ನಂತರ ಅದು ಬಹುಕಾಲ ರಸ್ತೆ ದುರಸ್ತಿ ವಾಹನಗಳ ಗ್ಯಾರೇಜಾಗಿತ್ತಂತೆ. ಒಳಗೆ ಚಾವಣಿಯಿಂದ ಇಳಿಬಿಟ್ಟ ದೊಡ್ಡ ಪರದೆಯ ತುಂಬ ಇಲ್ಲಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರ ಹೆಸರುಗಳಿವೆ. ಹೊರಗೆ ಮಾದರಿಗಾಗಿ ಮತ್ತೆ ಕಟ್ಟಿದ ಬ್ಯಾರಕ್ಕುಗಳಿಗೆ ಹೋದೆವು. ನೂರು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಹಲಗೆಯ ಕಟ್ಟಡದ ಮೈಗೆ ಟಾರು ಕಾಗದ ಹೊದಿಸಲಾಗಿದೆ. ಅದನ್ನು ನಾಲ್ಕು ಕೋಣೆ ಮಾಡಿ, ಒಂದೊಂದರಲ್ಲಿ ಎಂಟು ಜನರಿಗೆ ಹುಲ್ಲು ತುಂಬಿದ ಹಾಸಿಗೆಗಳನ್ನು ಕೊಟ್ಟಿದ್ದರು. ಸಾಮೂಹಿಕ ಶೌಚಾಲಯದಲ್ಲಿ ಸಾಲಾಗಿ ಬೆನ್ನಿಗೆ ಬೆನ್ನು ತಾಗಿದಂತೆ ಇಟ್ಟ ಬೋಗುಣಿಗಳ ನಡುವೆ ಒಂದು ಅಡ್ಡ ಹಲಗೆಯೂ ಇರಲಿಲ್ಲ. ಹೆಂಗಸರು ಯಾರೂ ಇಲ್ಲದ ನಡುರಾತ್ರಿಗಾಗಿ ಕಾಯುತ್ತಿದ್ದರೆಂದು ಓದಿದ ನನ್ನ ಹೆಂಡತಿ ಹೊರಗೆ ಹೋಗಿ ಬಿಸಿಲಿನಲ್ಲಿ ನಿಂತುಬಿಟ್ಟಳು. ಗಾಳಿ ಬೀಸಿದಾಗ ಹಲಗೆಗಳ ಸಂದಿಯಿಂದ ದೂಳು ಬರುತ್ತಿತ್ತೆಂದು ಶಿಬಿರದಲ್ಲಿದ್ದವರೆಲ್ಲ ನೆನೆದಿದ್ದಾರೆ. ನಾವು ನಿಂತಿದ್ದ ಆ ಅರ್ಧ ಗಂಟೆಯಲ್ಲೇ ಕಿಟಕಿಯ ಚೌಕಟ್ಟಿನ ಮೇಲೆ ಬೆರಳೆಳೆದರೆ ಗೆರೆ ಮೂಡುವಷ್ಟು ದೂಳು ಕೂತಿತ್ತು.

ಶಿಬಿರ ಮುಚ್ಚಿದ ಮೇಲೆ ಬ್ಯಾರಕ್ಕುಗಳನ್ನು ಹರಾಜು ಹಾಕಿ ಬಿಚ್ಚಿದರು. ಸಭಾಂಗಣ ಬಿಟ್ಟರೆ ಮಿಕ್ಕಿದ್ದು ತಳಪಾಯಗಳು, ಪ್ರವೇಶದ ಎರಡು ಕಲ್ಲಿನ ಕಾವಲು ಮನೆಗಳು, ಸ್ಮಶಾನದ ಕಂಬ, ಮತ್ತು ಮರಳಿನ ಕೆಳಗೆ ಹೂತುಹೋದ ತೋಟಗಳು. ಆ ತೋಟಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಊಟಕ್ಕಾಗಿ ಮೂರು ಹೊತ್ತೂ ಸಾಲಿನಲ್ಲಿ ನಿಲ್ಲುತ್ತಿದ್ದ ಜನರ ಕಣ್ಣಿಗೆ ಒಂದಿಷ್ಟು ತಂಪಾಗಲೆಂದು ಭೋಜನಶಾಲೆಗಳ ಪಕ್ಕದಲ್ಲಿ ಶಿಬಿರದ ತೋಟಗಾರರು ಕೊಳಗಳನ್ನು ತೋಡಿದ್ದರು, ಬೆಟ್ಟದಿಂದ ಬಂಡೆಗಳನ್ನು ತಂದು ಜಲಪಾತದಂತೆ ಜೋಡಿಸಿದ್ದರು. ಗುಲಾಬಿ ಕೃಷಿಯಲ್ಲಿ ಪರಿಣತರಾಗಿದ್ದ ಕುಯಿಚಿರೊ ನಿಶಿ ಎಂಬವರು ರೂಪಿಸಿದ ಉದ್ಯಾನ ಇವುಗಳಲ್ಲಿ ದೊಡ್ಡದು. ಹಲವು ದಶಕ ಮರಳಿನಡಿ ಮರೆಯಾಗಿದ್ದ ಇವನ್ನು ಉದ್ಯಾನ ಸೇವೆಯ ಪುರಾತತ್ತ್ವಜ್ಞರು ಸ್ವಯಂಸೇವಕರ ಜೊತೆ ಅಗೆದು ತೆಗೆದಿದ್ದಾರೆ. ಅಗೆಯಲು ಬಂದವರಲ್ಲಿ ಆ ತೋಟಗಾರರ ಮಕ್ಕಳು ಮೊಮ್ಮಕ್ಕಳೂ ಇದ್ದರು. ಮೂವತ್ತನಾಲ್ಕನೆಯ ಬ್ಲಾಕಿನ ಕೊಳದ ಅಂಚಿನಲ್ಲಿ ನಾವು ಕುಳಿತೆವು. ನೀರಿಲ್ಲ. ಒಂದರ ಮೇಲೊಂದು ಒರಗಿದ ಬಂಡೆಗಳ ಸಂದಿಗೆ ಹಚ್ಚಿದ ಗಾರೆಯಲ್ಲಿ ಕರಣೆ ಎಳೆದ ಗೆರೆಗಳು ಸ್ಪಷ್ಟವಾಗಿವೆ, ಒಂದು ಕಡೆ ಕರಣೆ ಎತ್ತಿದಲ್ಲಿ ಸಣ್ಣ ತುಟಿಯಂತೆ ಗಾರೆ ಉಬ್ಬಿದೆ.

ಅಪ್ಪ ಅದನ್ನು ನೋಡುತ್ತ ನೋಡುತ್ತ ತಮ್ಮ ಊರಿನ ಮಾತು ತೆಗೆದರು. ಅವರದು ಮುಳುಗಡೆಯ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟಿಗೆ ನೀರು ನಿಲ್ಲಿಸುವ ಮುನ್ನ, ಅವರಿಗೆ ಹತ್ತು ವರ್ಷವಾಗಿದ್ದಾಗ, ಮನೆಯ ತೊಲೆ ಬಾಗಿಲುಗಳನ್ನು ಬಿಚ್ಚಿ ಗಾಡಿಗೆ ಹೇರಿದ್ದನ್ನು ಅವರು ಮೊದಲೂ ಹೇಳಿದ್ದರು. ಹೇಳದೇ ಇದ್ದದ್ದನ್ನು ಅಂದು ಹೇಳಿದರು: ಬೇಸಿಗೆಯಲ್ಲಿ ಶರಾವತಿಯ ಹಿನ್ನೀರು ತೀರಾ ಇಳಿದ ಒಂದು ವರ್ಷ ತಮ್ಮ ತಂದೆಯೊಂದಿಗೆ ದೋಣಿಯಲ್ಲಿ ಹೋಗಿ, ಕೆಸರಿನಲ್ಲಿ ಅಂಗಳದ ಕಟ್ಟೆಯನ್ನೂ ತುಳಸಿಯ ಬೃಂದಾವನದ ಬುಡವನ್ನೂ ಕಂಡು ಬಂದಿದ್ದರಂತೆ. "ಅಪ್ಪಯ್ಯ ಏನೂ ಮಾತಾಡಲಿಲ್ಲ. ಕಟ್ಟೆಯ ಕೆಸರು ಕೈಯಿಂದ ಒರೆಸಿದರು, ಅಷ್ಟೇ" ಎಂದರು. ಎರಡು ಊರುಗಳ ಸಂಕಟವನ್ನು ಒಂದೇ ತಕ್ಕಡಿಯಲ್ಲಿ ತೂಗಲು ನಾನು ಹೊರಟಿಲ್ಲ. ಬಂದೂಕಿನ ಕಾವಲಿನಲ್ಲಿ ಮೂರೂವರೆ ವರ್ಷ ಕಳೆಯುವುದು ಬೇರೆಯೇ ಮಾತು. ಆದರೆ ಆ ಗಾರೆಯ ಗೆರೆಗಳನ್ನು ಅಪ್ಪ ಮುಟ್ಟಿದ ಬಗೆಯಲ್ಲಿ ನಾನು ಮುಟ್ಟಲಾರೆ.

ಸಂಜೆ ಸ್ಮಶಾನಕ್ಕೆ ಹೋದೆವು. ಕಲ್ಲುಕುಟಿಗ ರ‍್ಯೋಜೊ ಕಾಡೊ 1943ರಲ್ಲಿ ನಿಲ್ಲಿಸಿದ ಬಿಳಿಯ ಕಂಬದ ಮೇಲೆ ಮೂರು ಕಪ್ಪು ಅಕ್ಷರಗಳಿವೆ, ಆತ್ಮಗಳನ್ನು ಸಂತೈಸುವ ಗೋಪುರ ಎಂದು ಅವುಗಳ ಅರ್ಥ. ಅಕ್ಷರಗಳನ್ನು ಬರೆದುಕೊಟ್ಟವರು ಬೌದ್ಧ ಗುರು ಶಿಂಜೊ ನಾಗಾತೋಮಿ. ಬುಡದಲ್ಲಿ ಕಾಗದದ ಕೊಕ್ಕರೆಗಳು, ನಾಣ್ಯಗಳು, ಒಂದು ಮಗುವಿನ ಆಟಿಕೆ ಕಾರು. ಕಂಬದ ಹಿಂದೆಯೇ ಗೋಡೆಯಂತೆ ಸಿಯೆರಾ. 1969ರ ಚಳಿಗಾಲದಲ್ಲಿ ಕೆಲವು ಯುವಕರೂ ಹಿರಿಯರೂ ಸೇರಿ ಇಲ್ಲಿಗೆ ಯಾತ್ರೆ ಆರಂಭಿಸಿದರು. ಅಂದಿನಿಂದ ಪ್ರತಿ ವರ್ಷ ಅದು ನಡೆದು ಬಂದಿದೆ. ಬಾಲ್ಯದಲ್ಲಲ್ಲದಿದ್ದರೂ ಹದಿಹರೆಯದಲ್ಲಿ ಇದೇ ಬೇಲಿಯೊಳಗಿದ್ದ ಸೂ ಕುನಿತೋಮಿ ಎಂಬ್ರಿ ಎಂಬ ಶಿಕ್ಷಕಿ ದಶಕಗಳ ಕಾಲ ಅದರ ಮುಂದಾಳಾಗಿದ್ದರು. 1976ರಲ್ಲಿ ಈ ಜಾಗ ರಾಷ್ಟ್ರೀಯ ಪಟ್ಟಿಗೆ ಸೇರಿತು, 1985ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಾಯಿತು, 1992ರಲ್ಲಿ ಉದ್ಯಾನ ಸೇವೆಯ ಆಶ್ರಯಕ್ಕೆ ಬಂದಿತು. ನಡುವೆ 1988ರಲ್ಲಿ ಸರ್ಕಾರ ಕಾಯಿದೆಯ ಮೂಲಕವೇ ಕ್ಷಮೆ ಕೇಳಿ, ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ ಒಪ್ಪಿಕೊಂಡಿತು. ಬರೀ ಬಯಲಾಗಿ ಉಳಿಯಬಹುದಾಗಿದ್ದ ಜಾಗವೊಂದು ಈ ಮಟ್ಟಕ್ಕೆ ಬಂದದ್ದು ಫಲಕ ನೆಟ್ಟಿದ್ದರಿಂದಲ್ಲ, ಹಟ ಹಿಡಿದು ಪ್ರತಿ ವಸಂತದಲ್ಲೂ ಬಂದ ಜನರಿಂದ. ಅಪ್ಪನ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದೇ ಎಂದು ಅವರಿಗೆ ಹೇಳಿದೆ. ಅವರು ತಲೆಯಾಡಿಸಿದರೇ ಹೊರತು ಒಪ್ಪಿದೆನೆಂದು ಹೇಳಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಹಳೆಯ ಊರಿನ ಕಾಲದ ಪಿಯರ್ ಮರಗಳು ಸಿಕ್ಕಿದವು. ನೂರು ವರ್ಷ ದಾಟಿದ ಅವುಗಳ ಕಾಂಡ ಸೀಳಿ ಟೊಳ್ಳಾಗಿದೆ. ರೈತರು ಹೋದ ಮೇಲೆ ಒಣಗುತ್ತಿದ್ದ ಅವನ್ನು ಶಿಬಿರದ ಜನ ಕತ್ತರಿಸಿ, ನೀರೆರೆದು, ಹಣ್ಣು ಬಿಡಿಸಿದ್ದರು. ಈಗ ಉದ್ಯಾನ ಸೇವೆಯವರು ನೋಡಿಕೊಳ್ಳುತ್ತಾರೆ.

ನಾಲ್ಕನೆಯ ದಿನ, ಭಾನುವಾರ

ಲೋನ್ ಪೈನ್‌ನ ಉತ್ತರದ ದಿಬ್ಬದ ಮೇಲೆ ಬೇಲಿ ಹಾಕಿದ ಸಾಮೂಹಿಕ ಸಮಾಧಿಯೊಂದಿದೆ. 1872ರ ಮಾರ್ಚ್ 26ರ ನಸುಕಿನಲ್ಲಿ ಆದ ಭೂಕಂಪದಲ್ಲಿ ಸತ್ತ 27 ಜನರ ಪೈಕಿ ಹದಿನಾರು ಮಂದಿಯನ್ನು ಇಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ಹಸಿ ಇಟ್ಟಿಗೆಯ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದಿದ್ದವು. ಇದು ರಾಜ್ಯ ಸರ್ಕಾರ ಗುರುತಿಸಿದ ಸ್ಥಳ. ಹೆಚ್ಚು ಹೊತ್ತು ನಿಲ್ಲದೆ ಮುಂದುವರಿದೆವು.

ಓವೆನ್ಸ್ ಸರೋವರವನ್ನು ಸುತ್ತಿಕೊಂಡು ಹೋಗುವಾಗ ಅದನ್ನು ಸರೋವರವೆನ್ನಲು ಮನಸ್ಸು ಬರಲಿಲ್ಲ. ನದಿಯ ನೀರು ಕಾಲುವೆಗೆ ತಿರುಗಿದ ಮೇಲೆ 1920ರ ದಶಕದಲ್ಲಿ ಅದು ಒಣಗಿತು. ತಳದ ಉಪ್ಪು ಮಣ್ಣು ಗಾಳಿಗೆದ್ದು ಕಣಿವೆಯ ಜನರ ಶ್ವಾಸಕ್ಕೆ ಸೇರತೊಡಗಿತು. ಆ ದೂಳನ್ನು ಅಡಗಿಸಲು ಲಾಸ್ ಏಂಜಲಿಸ್ ನಗರ ಈವರೆಗೆ ಎರಡು ಬಿಲಿಯನ್ ಡಾಲರಿಗೂ ಹೆಚ್ಚು ಖರ್ಚು ಮಾಡಿದೆ. ಪಟ್ಟಿಯಲ್ಲಿರುವ ಕಟ್ಟಡಗಳನ್ನು ನೋಡಿಕೊಂಡು ಬಂದ ನಮಗೆ, ಈ ಕಣಿವೆ ಕಳೆದುಕೊಂಡದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ ಅನ್ನಿಸಿತು.

ಎರಡು ಬೆಟ್ಟಸಾಲುಗಳನ್ನು ದಾಟಿ ಮೂರು ಗಂಟೆಯ ಹೊತ್ತಿಗೆ ಡೆತ್ ವ್ಯಾಲಿಯ ಹಾರ್ಮನಿ ಬೋರಾಕ್ಸ್ (ಬಿಳಿಗಾರ) ಕಾರ್ಖಾನೆಗೆ ತಲುಪಿದೆವು. 1883ರಿಂದ 1888ರವರೆಗೆ ವಿಲಿಯಂ ಟೆಲ್ ಕೋಲ್ಮನ್ ಎಂಬ ಉದ್ಯಮಿ ನಡೆಸಿದ ಇದು 1974ರಲ್ಲಿ ಪಟ್ಟಿಗೆ ಸೇರಿತು. ಹಸಿ ಇಟ್ಟಿಗೆಯ ಕುಸಿದ ಗೋಡೆಗಳು, ಹಬೆಯ ಹಂಡೆ, ದೊಡ್ಡ ಗಾಡಿಗಳು ಉಳಿದಿವೆ. ಗಾಡಿಯ ಹಿಂದಿನ ಚಕ್ರ ಏಳು ಅಡಿ ಎತ್ತರ, ಅಪ್ಪನ ತಲೆಗಿಂತ ಒಂದೂವರೆ ಅಡಿ ಮೇಲೆ. ಹದಿನೆಂಟು ಹೇಸರಗತ್ತೆ ಮತ್ತು ಎರಡು ಕುದುರೆ ಕಟ್ಟಿದ ಜೋಡಿಗಾಡಿಗಳು ಇಲ್ಲಿಂದ 265 ಕಿಲೋಮೀಟರ್ ದೂರದ ಮೊಹಾವಿ ರೈಲು ನಿಲ್ದಾಣವನ್ನು ಹತ್ತು ದಿನದಲ್ಲಿ ಮುಟ್ಟುತ್ತಿದ್ದವು. ಬೇಸಿಗೆಯಲ್ಲಿ ಬೋರಾಕ್ಸ್ ಹರಳುಗಟ್ಟುವಷ್ಟು ಕೂಡ ನೀರು ತಣ್ಣಗಾಗುತ್ತಿರಲಿಲ್ಲವಾದ್ದರಿಂದ ಕೆಲಸವನ್ನೇ ಬೇರೆ ಕಡೆಗೆ ಸಾಗಿಸಬೇಕಾಗುತ್ತಿತ್ತು.

ಉಪ್ಪುಬಯಲಿನಿಂದ ಅದಿರನ್ನು ಕೆರೆದು ತಂದವರು ಚೀನೀ ಕೂಲಿಗಳು. ಕಾರ್ಖಾನೆಯಿಂದ ಕಾಲುದಾರಿ ಹಿಡಿದು ಪಶ್ಚಿಮಕ್ಕೆ ನಡೆದರೆ ಅವರು ಕೂಡಿಟ್ಟ ಅದಿರಿನ ಗುಡ್ಡೆಗಳು ಇಂದಿಗೂ ಇವೆ. ಗಣಿಯ ಹಕ್ಕು ಉಳಿಸಿಕೊಳ್ಳಲು, ಇಲ್ಲಿ ಕೆಲಸ ನಡೆದಿದೆಯೆಂದು ತೋರಿಸಲು, 1880ರ ದಶಕದಲ್ಲಿ ಸಾಲಾಗಿ ಹಾಕಿದವು. ಮೊಣಕಾಲೆತ್ತರದ, ಮಳೆಗೆ ಕರಗಿ ದುಂಡಗಾದ, ತಿಳಿಗಂದು ಬಣ್ಣದ ಮಣ್ಣಿನ ದಿಬ್ಬಗಳು. ಮಾಲೀಕನ ಹೆಸರು ಎಲ್ಲ ಕಡೆ ಸಿಕ್ಕಿತು, ಗುಡ್ಡೆ ಹಾಕಿದವರಲ್ಲಿ ಒಬ್ಬರ ಹೆಸರೂ ನಮಗೆ ಸಿಗಲಿಲ್ಲ. ಸಾಲಿನ ತುದಿಯಲ್ಲಿ ನಿಂತ ಅಪ್ಪ ನೋಟ್‌ಪುಸ್ತಕ ತೆಗೆದು, ದಿನಾಂಕ ಹಾಕಿ, ಬೆರಳಿಂದ ತೋರಿಸುತ್ತ ಗುಡ್ಡೆಗಳನ್ನು ಎಣಿಸತೊಡಗಿದರು. ಬೆಟ್ಟದ ನೆರಳು ಬಯಲಿಗೆ ಬಂದು ದೂರದವು ಕಾಣದಾದಾಗ, "ಒಂದು ಸಾಲು ಬಿಟ್ಟುಹೋಯಿತು" ಎಂದು ಮೊದಲಿಂದ ಎಣಿಸಲು ಹಿಂದಿರುಗಿ ನಡೆದರು.